ದಾರಿಗೆಲ್ಲ ಗೊತ್ತಿದ್ದ ಹೆಸರು

"ಕಾರ್ಡ್ ತೋರಿಸಿ!"

ಪೋರ್ಟ್ ಮೋರ್ಸ್‌ಬಿಯ ವಿಮಾನ ನಿಲ್ದಾಣದ ಹೊರಗೆ, ನೆತ್ತಿ ಸುಡುವ ಬಿಸಿಲಲ್ಲಿ, ಲಿಗಾಯಾ ಎರಡು ಪೆಟ್ಟಿಗೆಗಳನ್ನು ಕಾಲಿಗೆ ಒತ್ತಿಕೊಂಡು ನಿಂತಿದ್ದಳು. ಇಲ್ಲಿನ ಕ್ಲಿನಿಕ್ಕೊಂದರ ಕೆಲಸಕ್ಕೆ ಫಿಲಿಪೀನ್ಸ್‌ನಿಂದ ಆಗಷ್ಟೇ ಬಂದಿಳಿದಿದ್ದಳು. ಎದುರಿಗೆ ಅವಳ ಹೆಸರು ಬರೆದ ರಟ್ಟು ಹಿಡಿದ ಎತ್ತರದ ಯುವಕ. ಕಪ್ಪು ಗುಂಗುರು ಕೂದಲು, ಮುಖದ ತುಂಬ ನಗು.

"ಗುರುತಿನ ಕಾರ್ಡ್ ಮರೆತು ಬಂದೆ ಮೇಡಂ. ನಾನು ಗವೇರ, ಕ್ಲಿನಿಕ್ ಡ್ರೈವರು. ಬನ್ನಿ, ಬಿಸಿಲು ಸುಡ್ತಿದೆ."

"ಕಾರ್ಡ್ ಇಲ್ಲದೆ ಕಾರು ಹತ್ತಲ್ಲ."

"ಇಲ್ಲಿ ಯಾರನ್ನಾದ್ರೂ ಕೇಳಿ, ನಾನು ಯಾರು ಅಂತ ಹೇಳ್ತಾರೆ! ಆ ಪೊಲೀಸು ನಮ್ಮ ಮಾವ. ಎಳನೀರು ಮಾರ್ತಿದಾಳಲ್ಲ, ಆ ಅಕ್ಕ ನಮ್ಮ ಬೀದಿಯವಳು."

"ನಾನು ಯಾರನ್ನೂ ಕೇಳಲ್ಲ. ಕಾರ್ಡ್!"

ಅಬ್ಬಾ, ಎಂಥ ಹಟ! ಗವೇರ ಕ್ಲಿನಿಕ್ಕಿಗೆ ಫೋನ್ ಮಾಡಿ ಕಾರ್ಡ್ ತರಿಸಿಕೊಳ್ಳುವಷ್ಟರಲ್ಲಿ ನಲವತ್ತು ನಿಮಿಷ ಕಳೆಯಿತು. ಅವನು ತಂದ ಎಳನೀರನ್ನೂ ಅವಳು ಮುಟ್ಟಲಿಲ್ಲ. ಅಪರಿಚಿತರು ಕೊಟ್ಟದ್ದನ್ನು ಕುಡಿಯಬಾರದು!

"ಕುಡೀಬೇಡಿ ಬಿಡಿ. ನೆರಳಿಗಾದ್ರೂ ಬನ್ನಿ," ಎಂದವನು ತಾನೇ ಬಿಸಿಲಿಗೆ ಸರಿದು, ಮರದಡಿ ಜಾಗ ಬಿಟ್ಟುಕೊಟ್ಟ.

*ನಗುತ್ತಾನೆ... ಬಯ್ದರೂ ನಗುತ್ತಾನಲ್ಲ ಇವನು!* ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

ಅವಳ ಹಟಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಗಲ್ಫಿನಲ್ಲಿ ಕೆಲಸ ಮಾಡುತ್ತಿದ್ದಾಗ, ಒಂದೇ ತಟ್ಟೆಯಲ್ಲಿ ಉಂಡ ಗೆಳತಿ ರೀಕಾ, ಇಬ್ಬರೂ ಇದ್ದ ಕೋಣೆಯ ಬೀಗದ ಕೈಯನ್ನು ಗುರುತಿಲ್ಲದ ಗಂಡಸಿಗೆ ಕೊಟ್ಟಿದ್ದಳು. ಅಂದು ಲಿಗಾಯಾ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ನಾಲ್ಕು ಗಂಟೆ ನಡುಗುತ್ತಾ ಕೂತಿದ್ದಳು. ಜೀವ ಉಳಿಯಿತು. ಆದರೆ ಮನುಷ್ಯರ ಮೇಲಿನ ನಂಬಿಕೆ ಹೋಯಿತು. ಉಳಿದದ್ದು ನಿಯಮಗಳ ಮೇಲಿನ ನಂಬಿಕೆ ಮಾತ್ರ.

ಇಲ್ಲಿ ನಿಯಮಗಳಿಗೇನೂ ಬರವಿರಲಿಲ್ಲ. ಕ್ಲಿನಿಕ್ಕಿನ ಭದ್ರತಾ ಅಧಿಕಾರಿ ಹಾರ್ಟ್ಲಿ, ಕೆಂಪು ಮೂತಿಯ ಆಸ್ಟ್ರೇಲಿಯಾದವನು, ಮೊದಲ ದಿನವೇ ಬೆರಳು ಮಡಿಸಿ ಹೇಳಿದ್ದ: "ಗಾಜು ಇಳಿಸಬಾರದು. ದಿನಾ ಒಂದೇ ದಾರಿಯಲ್ಲಿ ಹೋಗಬಾರದು. ಎಲ್ಲಿಗೆ, ಎಷ್ಟೊತ್ತಿಗೆ ಹೋಗ್ತೀಯ ಅನ್ನೋದು ನಿನಗೆ, ಡ್ರೈವರಿಗೆ, ಕಂಟ್ರೋಲ್ ರೂಮಿಗೆ ಬಿಟ್ಟು ನಾಲ್ಕನೆಯವರಿಗೆ ಗೊತ್ತಾಗಬಾರದು. ತಿಳೀತಾ?"

ತಿಳಿಯಿತು. ಮುಳ್ಳುತಂತಿಯ ಗೋಡೆಯೊಳಗಿನ ವಸತಿ, ಬೆಳಿಗ್ಗೆ ಕ್ಲಿನಿಕ್ಕಿನ ರಕ್ತ ಪರೀಕ್ಷೆಯ ಕೋಣೆ, ನಾಲ್ಕಕ್ಕೆ ಕೆಲಸ ಮುಗಿಸಿ ಮತ್ತೆ ವಸತಿ. ಇಷ್ಟೇ ಅವಳ ಲೋಕ. ಆ ಎರಡರ ನಡುವೆ ಇಪ್ಪತ್ತು ನಿಮಿಷದ ದಾರಿ. ಆ ಇಪ್ಪತ್ತು ನಿಮಿಷ ಗವೇರನದು.

ಹನ್ನೊಂದು ತಿಂಗಳಲ್ಲಿ 'ಮೇಡಂ' ಹೋಗಿ 'ಲಿಗಾಯಾ' ಬಂತು. 'ನೀವು' ಹೋಗಿ 'ನೀನು' ಬಂತು. ಅವಳು ಹುರಿದ ಒಣಮೀನು ಅವನ ಡಬ್ಬಿಗೆ, ಅವನ ತಾಯಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಬಾಳೆಕಾಯಿ ಅವಳ ಡಬ್ಬಿಗೆ.

"ದಿನಾ ಈ ಕೋಕಿ ಮಾರ್ಕೆಟ್ ದಾರೀಲೇ ಯಾಕೆ ಹೋಗ್ತೀಯ? ಹಾರ್ಟ್ಲಿಗೆ ಗೊತ್ತಾದ್ರೆ ನಿನ್ನ ಚರ್ಮ ಸುಲೀತಾನೆ!"

"ಈ ದಾರೀಲಿ ಸಮುದ್ರ ಕಾಣುತ್ತೆ. ಸಮುದ್ರ ನೋಡಿದಾಗ ನಿನ್ನ ಹುಬ್ಬಿನ ಗಂಟು ಬಿಚ್ಚುತ್ತೆ. ಅದಕ್ಕೆ."

ಅಂದು ಅವಳು ಕಿಟಕಿಯ ಕಡೆ ತಿರುಗಿ, ಅವನಿಗೆ ಕಾಣದಂತೆ ನಕ್ಕಳು. ಆ ವಾರವೇ ಒಂದು ಸಂಜೆ ಗೇರ್ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯನ್ನು ಒಂದೇ ಒಂದು ಕ್ಷಣ ಇಟ್ಟಿದ್ದಳು. *ಈ ಮನುಷ್ಯನ ಹತ್ತಿರ ನನಗೆ ಭಯವಾಗಲ್ಲ...* ಎಷ್ಟು ವರ್ಷಗಳಾಗಿದ್ದವು ಅವಳಿಗೆ ಹಾಗನ್ನಿಸಿ!

ಮಾತಾಗಿ ಇಬ್ಬರೂ ಏನನ್ನೂ ಹೇಳಿರಲಿಲ್ಲ. ಹೇಳುವ ಹೊತ್ತು ಬರುವ ಮುಂಚೆ ಆ ಗುರುವಾರ ಬಂತು.

ಕೋಕಿಯ ತಿರುವಿನಲ್ಲಿ ಬಸ್ಸೊಂದು ಕೆಟ್ಟು ಅಡ್ಡ ನಿಂತಿತ್ತು. "ನೋಡ್ಕೊಂಡು ಬರ್ತೀನಿ," ಎಂದು ಗವೇರ ಇಳಿದು ಹೋದ. ಅಷ್ಟರಲ್ಲಿ ಟಕ್ ಟಕ್ ಎಂದು ಕಿಟಕಿ ಬಡಿದ ಸದ್ದು!

ಗೋಣಿಚೀಲದಂಥ ಭಾರೀ ಮೈಯ ಒಬ್ಬ ಗಾಜಿಗೆ ಮುಖವಿಟ್ಟು ನಿಂತಿದ್ದ. ಅಡಿಕೆ ಜಗಿದು ಕೆಂಪಾದ ಹಲ್ಲು, ಕೆನ್ನೆಯ ಮೇಲೆ ಉದ್ದನೆಯ ಗಾಯದ ಗುರುತು.

"ಲಿಗಾಯಾ! ಇವತ್ತು ಹತ್ತು ನಿಮಿಷ ಲೇಟು! ಗುರುವಾರ ಅಲ್ವಾ, ಲ್ಯಾಬಿನಲ್ಲಿ ಕೆಲಸ ಜಾಸ್ತಿ!"

ಅವಳ ಕೈ ತಾನಾಗಿಯೇ ಬಾಗಿಲಿನ ಚಿಲಕ ತಡವಿತು. ಹಾಕಿತ್ತು.

"ನನ್ನ ಹೆಸರು... ಯಾರು ಹೇಳಿದ್ರು ನಿಂಗೆ?"

"ಇನ್ಯಾರು? ಗವೇರ!" ಅವನು ಕೆಂಪು ಹಲ್ಲು ಬಿಟ್ಟು ನಕ್ಕ. "ನೀಲಿ ಗೇಟಿನ ವಸತಿ ಅಲ್ವಾ ನಿಂದು? ಭಾನುವಾರ ಚರ್ಚು, ಮಂಗಳವಾರ ರಜ. ಎಲ್ಲಾ ಗೊತ್ತು ನಮಗೆ!"

ಎಲ್ಲಾ ಗೊತ್ತು... ಎಲ್ಲಾ!

ಗವೇರ ಬಂದು ಬಾಗಿಲು ತೆಗೆದಾಗ ಅವಳು ಬಿಳಿಚಿಕೊಂಡು ಕೂತಿದ್ದಳು.

"ನನ್ನ ವಿಷಯ ಎಷ್ಟು ಜನಕ್ಕೆ ಹೇಳಿದೀಯ?"

ಅವನಿಗೆ ಅವಳ ದನಿ ಅರ್ಥವಾಗಲಿಲ್ಲ ನೋಡಿ! ಹೆಮ್ಮೆಯಿಂದಲೇ ಹೇಳಿಬಿಟ್ಟ, ಪೆದ್ದ.

"ಈ ದಾರೀಲಿ ಇರೋರಿಗೆಲ್ಲಾ!"

"ಹೆಸರು? ಹೊತ್ತು? ಮನೆ?"

"ಹೂಂ... ಎಲ್ಲಾ. ಅದು ನಿನಗೋಸ್ಕರವೇ ಲಿಗಾಯಾ, ಯಾಕಂದ್ರೆ..."

"ಸಾಕು!" ಅವಳು ಕಿರುಚಿದಳು. "ನಂಬಿಸಿ ಕತ್ತು ಕುಯ್ದೆಯಲ್ಲೋ! ಸಮುದ್ರ ಕಾಣುತ್ತೆ ಅಂದೆ... ಇದಕ್ಕಾ ದಿನಾ ಈ ದಾರಿ? ಎಲ್ಲರೂ ನನ್ನನ್ನ ಗುರುತು ಹಿಡೀಲಿ ಅಂತಾನಾ?"

"ನಾನು ಹೇಳೋದನ್ನ ಒಂದು ಸಲ ಕೇಳು..."

ಅವಳು ಕೇಳಲಿಲ್ಲ. ಅವನ ಕಣ್ಣೆದುರಿಗೇ ರೇಡಿಯೋದ ಗುಂಡಿ ಒತ್ತಿದಳು. "ಕಂಟ್ರೋಲ್... ನನ್ನ ಡ್ರೈವರ್ ನನ್ನ ಮಾಹಿತಿ ಹೊರಗೆ ಕೊಟ್ಟಿದಾನೆ. ಬೇರೆ ಕಾರು ಕಳಿಸಿ."

ಗವೇರನ ಮುಖದ ನಗು ಆರಿಹೋಯಿತು. ಹನ್ನೊಂದು ತಿಂಗಳಲ್ಲಿ ಅವಳು ಅವನನ್ನು ನಗುವಿಲ್ಲದೆ ನೋಡಿದ್ದು ಅದೇ ಮೊದಲು. ಹತ್ತು ನಿಮಿಷದಲ್ಲಿ ಹಾರ್ಟ್ಲಿ ಬಂದ. ಗವೇರನ ಕೊರಳಿನಿಂದ ಕಾರ್ಡ್ ಕಿತ್ತುಕೊಂಡ. ಆ ಕಾರ್ಡಿಗಾಗಿ ಅಂದು ತಾನು ನಲವತ್ತು ನಿಮಿಷ ಹಟ ಹಿಡಿದು ನಿಂತದ್ದು ಅವಳಿಗೆ ನೆನಪಾಯಿತು. *ಕಾರ್ಡ್ ನೋಡಿ ನಂಬಿದೆನಲ್ಲ... ಅದೂ ಸುಳ್ಳೇ!*

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ರಾತ್ರಿ ಬಾಗಿಲಿಗೆ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವಳು. ಅವನಾಡಿದ ಒಂದೊಂದು ಸಿಹಿ ಮಾತೂ ಈಗ ಅವನ ವಿರುದ್ಧದ ಸಾಕ್ಷಿಯಾಗಿತ್ತು. ಡಬ್ಬಿ ಕೊಟ್ಟದ್ದು ಯಾಕೆ? ನಂಬಿಸಲು. ಹುಬ್ಬಿನ ಗಂಟು ನೋಡಿದ್ದು ಯಾಕೆ? ಮರುಳು ಮಾಡಲು. ರೀಕಾ ಕೊಟ್ಟದ್ದು ಬರೀ ಬೀಗದ ಕೈ. ಇವನು ಕೊಟ್ಟದ್ದು ಅವಳ ಇಡೀ ದಿನಚರಿ!

"ನಾನೇ ಕೈಯಾರೆ ಕೊಟ್ಟೆ ಅಕ್ಕಾ, ಎಲ್ಲಾನೂ ನಾನೇ ಹೇಳಿದೆ ಅವನಿಗೆ," ಎಂದು ವಸತಿಯಲ್ಲಿ ಜೊತೆಗಿದ್ದ ನೋರ್ಮಾ ಅಕ್ಕನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಇದೇ ಅವಳನ್ನು ಹೆಚ್ಚು ಸುಡುತ್ತಿತ್ತು. ಇನ್ನೊಮ್ಮೆ ಮೋಸಹೋದೆನಲ್ಲ ಎಂಬ ನಾಚಿಕೆ.

ನಾಲ್ಕನೇ ದಿನ ಗೇಟಿನ ಕಾವಲುಗಾರ ಒಂದು ಚೀಟಿ ತಂದುಕೊಟ್ಟ. ಗವೇರನ ಕೈಬರಹ.

'ನನ್ನನ್ನ ಕ್ಷಮಿಸದಿದ್ರೂ ಪರವಾಗಿಲ್ಲ. ಹೊಸ ಡ್ರೈವರಿಗೆ ಕೋಕಿ ದಾರೀಲೇ ಹೋಗೋಕೆ ಹೇಳು.'

ಎಂಥ ಧೈರ್ಯ! ಇನ್ನೂ ಅದೇ ಬಲೆಗೆ ಕರೆಯುತ್ತಾನಲ್ಲ! ಅವಳು ಚೀಟಿಯನ್ನು ಚೂರು ಚೂರು ಮಾಡಿದಳು.

ಹಾರ್ಟ್ಲಿ ದೂರಿನ ಅರ್ಜಿ ಬರೆದುಕೊಟ್ಟಿದ್ದ. ಅವಳು ಸಹಿ ಮಾಡಿದರೆ ಮುಗಿಯಿತು, ಈ ಊರಿನಲ್ಲಿ ಯಾವ ಕಂಪನಿಯೂ ಗವೇರನನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ. "ಶುಕ್ರವಾರದೊಳಗೆ ಸಹಿ ಹಾಕು," ಎಂದಿದ್ದ. ಅರ್ಜಿ ಅವಳ ಕೈಚೀಲದಲ್ಲೇ ಇತ್ತು. ದಿನಾ ಪೆನ್ನು ತೆಗೆಯುವಳು, ದಿನಾ ಮುಚ್ಚಿಡುವಳು. *ಥೂ, ಯಾಕೆ ಕೈ ಬರ್ತಿಲ್ಲ ನನಗೆ?*

ಗುರುವಾರ ಹೊಸ ಡ್ರೈವರು ಗುಡ್ಡದ ಮೇಲಿನ ದಾರಿ ಹಿಡಿದ. ನಿಯಮದ ಪ್ರಕಾರವೇ. ಗಾಜು ಏರಿಸಿತ್ತು, ಚಿಲಕ ಹಾಕಿತ್ತು, ಕಂಟ್ರೋಲ್ ರೂಮಿಗೆ ತಿಳಿಸಿತ್ತು. ಎಲ್ಲವೂ ಸರಿಯಾಗಿತ್ತು. ಆದರೆ ಮೇಲೆ ಎರಡು ಗುಂಪುಗಳ ನಡುವೆ ಹೊಡೆದಾಟ ನಡೆಯುತ್ತಿತ್ತು. ಕಲ್ಲೊಂದು ಬಂದು ಮುಂದಿನ ಗಾಜು ಸೀಳಿತು. ಡ್ರೈವರು ಬಾಗಿಲು ತೆಗೆದವನೇ ಓಡಿದ! ತಿರುಗಿಯೂ ನೋಡಲಿಲ್ಲ.

ಅವಳು ರೇಡಿಯೋ ಒತ್ತಿದಳು. "ಕಾರಿನಲ್ಲೇ ಇರಿ, ಇಪ್ಪತ್ತೈದು ನಿಮಿಷದಲ್ಲಿ ಬರ್ತೀವಿ," ಎಂದಿತು ಕಂಟ್ರೋಲ್ ರೂಮು. ಇಪ್ಪತ್ತೈದು ನಿಮಿಷ! ಡ್ರೈವರು ತೆರೆದಿಟ್ಟ ಬಾಗಿಲಿನಿಂದ ಆಗಲೇ ಒಬ್ಬ ಒಳಗೆ ಬಾಗಿ ಅವಳ ಕೈಚೀಲ ಕಿತ್ತುಕೊಂಡಿದ್ದ. ಇನ್ನೊಬ್ಬ ಅವಳ ತೋಳು ಹಿಡಿದ. ಅವನ ಕೈ ಕಚ್ಚಿ, ಆಚೆಯ ಬಾಗಿಲಿನಿಂದ ಹಾರಿ, ಚಪ್ಪಲಿ ಬಿಟ್ಟು ಇಳಿಜಾರಿನಲ್ಲಿ ಓಡಿದಳು.

ಹಿಂದೆ ಹೆಜ್ಜೆ ಸದ್ದು. ಕೆಳಗೆ ಸಮುದ್ರ... ಕೋಕಿ! ಗವೇರ ಅವಳನ್ನು ಮಾರಿಬಿಟ್ಟ ಅದೇ ದಾರಿ. ಹಿಂದೆಯೂ ಭಯ, ಮುಂದೆಯೂ ಭಯ. ದೇವರೇ, ಎಲ್ಲಿಗೆ ಹೋಗಲಿ?

"ಲಿಗಾಯಾ!"

ಬಣ್ಣದ ಕೊಡೆಯ ಕೆಳಗೆ ಅಡಿಕೆ ಮಾರುತ್ತಿದ್ದ ಮುದುಕಿಯೊಬ್ಬಳು ಎದ್ದು ನಿಂತಿದ್ದಳು. ಲಿಗಾಯಾ ಯೋಚಿಸುವ ಮುಂಚೆಯೇ ಆ ಗಟ್ಟಿ ಕೈ ಅವಳನ್ನು ಕೊಡೆಯಡಿಗೆ ಎಳೆದುಕೊಂಡಿತು.

"ಏ ಮೀನಿನವರೇ, ಬನ್ರೇ! ನಮ್ಮ ಗವೇರನ ಹುಡುಗಿ!"

ಅಯ್ಯೋ, ಆ ಹೆಂಗಸರು! ಮೀನು ಕುಯ್ಯುವ ಕತ್ತಿ ಹಿಡಿದೇ ಬಂದರು. ಕಡಲೆಕಾಯಿ ಬುಟ್ಟಿ ಬಿಟ್ಟು ಬಂದರು. ಕ್ಷಣದಲ್ಲಿ ಅವಳ ಸುತ್ತ ಇಪ್ಪತ್ತು ಬೆನ್ನುಗಳ ಗೋಡೆ ಎದ್ದಿತು. ಮುಂದೆ ಆ ಕೆಂಪು ಹಲ್ಲಿನವನು, ಸಿಸಿಯಾ, ತೋಳು ಕಟ್ಟಿ ನಿಂತ.

"ಈ ಹುಡುಗಿ ಯಾರು ಗೊತ್ತೇನ್ರೋ?" ಎಂದು ಬೆನ್ನಟ್ಟಿ ಬಂದವರನ್ನು ಕೇಳಿದ. "ನಮ್ಮ ಮನೆಯವಳು. ಚೀಲ ಕೆಳಗಿಟ್ಟು ನಡೀರಿ."

ಚೀಲ ಕೆಳಗೆ ಬಿತ್ತು. ಅವರು ಹೊರಟೇ ಹೋದರು.

ಮುದುಕಿಯ ಹೆಸರು ಕೋನಿಯೋ. ಲಿಗಾಯಾಳ ರಕ್ತ ಸುರಿಯುವ ಪಾದವನ್ನು ತೊಳೆಯುತ್ತಾ ಗೊಣಗಿದಳು. "ಒಂದು ವಾರದಿಂದ ನಾಲ್ಕೂ ಹತ್ತಕ್ಕೆ ಕಾದೂ ಕಾದೂ ಕುತ್ತಿಗೆ ನೋವು ಬಂತು. ಎಲ್ಲಿ ಹೋಗಿದ್ದೆ?"

"ನೀವು... ನನ್ನನ್ನ ಕಾಯ್ತಿದ್ರಾ?"

"ಮತ್ತೆ? ಹನ್ನೊಂದು ತಿಂಗಳಿಂದ ಅದೇ ಕೆಲಸ! ನೀನು ಬಂದ ಮೊದಲ ವಾರವೇ ಆ ಗವೇರ ಒಂದು ಬುಟ್ಟಿ ಮೀನು ಹೊತ್ತುಕೊಂಡು ಕೊಡೆ ಕೊಡೆಗೂ ಹೋದ. 'ಬಿಳಿ ಕಾರಲ್ಲಿ ಒಬ್ಬಳು ಹೋಗ್ತಾಳೆ ಅಜ್ಜಿ. ಅವಳಿಗೆ ಈ ಊರಲ್ಲಿ ಯಾರೂ ಇಲ್ಲ. ಕಾರು ನಿಂತ್ರೆ ಏನು ಎತ್ತ ಅಂತ ಕೇಳಬೇಡಿ, ಓಡಿ' ಅಂದ. ಹೆಸರೇ ಗೊತ್ತಿಲ್ಲದವಳಿಗೆ ಯಾರಮ್ಮಾ ಓಡ್ತಾರೆ? ಅದಕ್ಕೇ ಹೆಸರು ಹೇಳಿದ."

ಲಿಗಾಯಾಳ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

ಅಷ್ಟರಲ್ಲಿ ದೋಣಿಗಳ ಕಡೆಯಿಂದ ಯಾರೋ ಓಡಿ ಬಂದರು. ಮಂಡಿಯವರೆಗೆ ಒದ್ದೆ, ಮೈತುಂಬ ಮೀನಿನ ವಾಸನೆ. ಗವೇರ! ಕೆಲಸ ಹೋದ ಮೇಲೆ ಚಿಕ್ಕಪ್ಪನ ದೋಣಿ ಹತ್ತಿದ್ದನಂತೆ.

"ಪೆಟ್ಟಾಯ್ತಾ? ಎಲ್ಲಿ? ತೋರಿಸು!"

"ಮುಟ್ಟಬೇಡ," ಎಂದಳು ಅವಳು. ಅವನ ಕೈ ಅಲ್ಲೇ ನಿಂತಿತು.

"ನೀನು ಒಳ್ಳೇದಕ್ಕೇ ಮಾಡಿದೆ. ಈಗ ಗೊತ್ತಾಯ್ತು. ಆದ್ರೆ ಗವೇರ, ಆ ಹೆಸರು ನಂದು. ನನ್ನ ಹೊತ್ತು, ನನ್ನ ಮನೆ, ಎಲ್ಲಾ ನಂದು. ಕೊಡೋ ಮುಂಚೆ ನನ್ನನ್ನ ಕೇಳಬೇಕಿತ್ತು. ಹಿಂದೆ ಒಬ್ಬಳು ಹೀಗೇ ಕೇಳದೆ ನನ್ನ ಬೀಗದ ಕೈ ಕೊಟ್ಟಿದ್ಲು. ಈ ಏಳು ದಿನ ನಾನು ಹೇಗೆ ಬದುಕಿದೆ ಗೊತ್ತಾ ನಿಂಗೆ?"

ಅವನು ತಲೆ ತಗ್ಗಿಸಿದ.

"ಗೊತ್ತಿರಲಿಲ್ಲ... ನಮ್ಮಲ್ಲಿ ಹುಟ್ಟಿದ ಕೂಸನ್ನ ಎತ್ಕೊಂಡು ಮನೆ ಮನೆಗೂ ತೋರಿಸ್ತಾರೆ. ಎಲ್ಲರಿಗೂ ಗೊತ್ತಿದ್ರೆ ಅದಕ್ಕೇನೂ ಆಗಲ್ಲ ಅಂತ. ಗೋಡೆ ಕಟ್ಟಿ ಬಚ್ಚಿಡೋದು ನಂಗೆ ಬರಲ್ಲ. ಆದ್ರೂ ಕೇಳಬೇಕಿತ್ತು. ತಪ್ಪು ನಂದೇ."

ಅವನು ಸಬೂಬು ಹೇಳಿದ್ದರೆ ಅವಳು ಎದ್ದು ಹೋಗುತ್ತಿದ್ದಳೇನೋ. ಹೇಳಲಿಲ್ಲ. ಅವಳು ಕೈಚೀಲದಿಂದ ಸಹಿಯಿಲ್ಲದ ಅರ್ಜಿ ತೆಗೆದು ಕೋನಿಯೋ ಅಜ್ಜಿಯ ಕೈಗಿಟ್ಟಳು. ಅಜ್ಜಿ ಅದನ್ನು ಓದುವ ಗೋಜಿಗೇ ಹೋಗದೆ, ಸುರುಳಿ ಸುತ್ತಿ ಅದರ ತುಂಬ ಬೇಯಿಸಿದ ಕಡಲೆಕಾಯಿ ತುಂಬಿ ವಾಪಸು ಕೊಟ್ಟಳು.

"ಮೊದಲ ವಾರ 'ಅವಳಿಗೆ ಯಾರೂ ಇಲ್ಲ' ಅಂದೆಯಂತೆ ಇವರಿಗೆ," ಎಂದಳು ಲಿಗಾಯಾ, ಕಣ್ಣೊರೆಸಿಕೊಳ್ಳುತ್ತಾ. "ಆಮೇಲೆ?"

ಗವೇರನ ಕಿವಿ ಕೆಂಪಾಯಿತು. "ಆಮೇಲೆ... ಅವಳು ನನ್ನವಳು ಅಂದೆ."

"ಇಡೀ ಮಾರ್ಕೆಟ್ಟಿಗೆ ಹೇಳಿದೆ. ನನಗೊಬ್ಬಳಿಗೇ ಹೇಳಲಿಲ್ಲ!"

"ಹೆದರಿಕೆ ಆಯ್ತು. 'ಕಾರ್ಡ್ ತೋರಿಸು' ಅಂದುಬಿಟ್ಟರೆ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಬರಿಗಾಲಲ್ಲಿ ಕುಂಟುತ್ತಾ ಅವನೆದುರು ನಿಂತಳು.

"ಎಲ್ಲಿ, ತೋರಿಸು ಕಾರ್ಡ್."

"ಇಲ್ಲ. ಕಿತ್ಕೊಂಡ್ರು."

"ಮತ್ತೆ ನೀನು ಯಾರು ಅಂತ ಹೇಗೆ ನಂಬಲಿ?"

ಎಷ್ಟೋ ದಿನಗಳ ಮೇಲೆ ಆ ನಗು ಅವನ ಮುಖಕ್ಕೆ ಮರಳಿತು. "ಇಲ್ಲಿ ಯಾರನ್ನಾದ್ರೂ ಕೇಳು."

ಈ ಸಲ ಅವಳು ಕೇಳಿದಳು. ಅವನ ಒದ್ದೆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಹಿಂದೆ ತಿರುಗಿದಳು.

"ಅಜ್ಜೀ, ಇವನು ಯಾರು?"

ಕೋನಿಯೋ ಅಡಿಕೆ ಜಗಿಯುತ್ತಾ ಕಣ್ಣರಳಿಸಿದಳು. "ಇದೊಳ್ಳೆ ಕಥೆ! ನಿನ್ನ ಗಂಡು ಕಣೇ. ನಿಂಗಿನ್ನೂ ಯಾರೂ ಹೇಳಿಲ್ವಾ?"

"ಈಗಷ್ಟೇ ಹೇಳಿದ, ಅಜ್ಜೀ," ಎಂದಳು ಲಿಗಾಯಾ.