ಸೌಮ್ಯಳ ಹೆಸರಲ್ಲಿ ಗೆದ್ದ ರೂಮು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ತಿಪಟೂರು ಠಾಣೆಗೆ ದೂರು ಹಿಡಿದು ಬಂದವರು ಅಪ್ಪ, ಮಗಳು. ನೊಣವಿನಕೆರೆಯ ತೆಂಗು ಬೆಳೆಗಾರ ತೋಂಟದಾರ್ಯ ಬೆಂಚಿನ ಮೇಲೆ ಕುಸಿದು ಕೂತರು. ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಗಳು ಸೌಮ್ಯ ನಿಂತೇ ಮಾತಾಡಿದಳು.

“ನಾನು ಕಣ್ಣಲ್ಲೂ ನೋಡದ ಲಾಡ್ಜಲ್ಲಿ ನನ್ನ ಹೆಸರಿಗೆ ರೂಮಾಗಿದೆ ಸಾರ್. ಮೈಸೂರಲ್ಲಿ. ಇಬ್ಬರಿಗೆ.”

ನಡೆದದ್ದು ಇಷ್ಟು. ಗುರುವಾರ ಮದುವೆ ಜವಳಿ ತೆಗೆಯಲು ಚಿಕ್ಕನಾಯಕನಹಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಸೀರೆ ಹೊದ್ದು ನಿಂತ ಸೌಮ್ಯಳ ಫೋಟೊವನ್ನು ಭಾವಿ ಅತ್ತೆ ಅವಳದೇ ಮೊಬೈಲಲ್ಲಿ ತೆಗೆಯುವಾಗ ಮೆಸೇಜು ಬಂತು: ‘ಅಭಿನಂದನೆ ಸೌಮ್ಯ! ನಿಮ್ಮ ಬಿಡ್ ಗೆದ್ದಿದೆ. ಮೈಸೂರು, ಶನಿವಾರ ರಾತ್ರಿ, ಇಬ್ಬರು.’ ಆಕೆ ಓದಿದರು, ಮಗ ಸೂರ್ಯಪ್ರಕಾಶನಿಗೆ ತೋರಿಸಿದರು. ಸೀರೆಗಳು ಅಂಗಡಿಯಲ್ಲೇ ಉಳಿದವು.

“ಶನಿವಾರ ನಾನು ಮನೇಲೇ ಇದ್ದೆ. ಹಂಗಂದ್ರೆ, ಸಿಕ್ಕಿಬಿದ್ದ ಮೇಲೆ ಯಾರು ಹೋಗ್ತಾರೆ ಅಂತಾರೆ. ಏನು ಮಾಡ್ಲಿ ಸಾರ್?”

ಇನ್‌ಸ್ಪೆಕ್ಟರ್ ಹನುಮಂತರಾಜು ಎಫ್‌ಐಆರ್ ಹಾಕಿಸಿದರು. ಐಟಿ ಕಾಯ್ದೆ, ಕಲಂ 66ಸಿ, ಬೇರೆಯವರ ಗುರುತು ಕದ್ದ ಅಪರಾಧ. ಐಟಿ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರೇ ತನಿಖೆ ಮಾಡಬೇಕು, ಕೆಳಗಿನವರ ತಲೆಗೆ ಕಟ್ಟುವ ಹಾಗಿಲ್ಲ.

“ಓಟಿಪಿ ಯಾರಿಗಾದರೂ ಹೇಳಿದ್ರಾ?”

“ಯಾರಿಗೂ ಇಲ್ಲ.”

“ನೆನಪು ಮಾಡ್ಕೊಳ್ಳಿ.”

“ಮಕ್ಕಳಿಗೆ ದಿನಾ ಹೇಳೋಳೇ ನಾನು ಸಾರ್, ಓಟಿಪಿ ಯಾರಿಗೂ ಕೊಡಬೇಡಿ ಅಂತ.”

ಮೆಸೇಜು ಕಳಿಸಿದ ರೂಮು ಬುಕಿಂಗ್ ವೆಬ್‌ಸೈಟಿನ ವ್ಯವಹಾರ ಅರ್ಥವಾಗುವಷ್ಟರಲ್ಲಿ ಹನುಮಂತರಾಜುಗೆ ತಲೆ ಚಿಟ್ಟು ಹಿಡಿಯಿತು. ಯಾವ ಊರು, ಯಾವ ದಿನ ಅಂತ ಹೇಳಿ ನಮ್ಮ ರೇಟು ನಾವೇ ಕೂಗಬೇಕು. ಯಾವುದೋ ಹೋಟೆಲಿನವನು ಒಪ್ಪಿದರೆ ದುಡ್ಡು ತಕ್ಷಣ ಕಟ್, ಹೋಟೆಲಿನ ಹೆಸರು ಆಮೇಲೆ ಗೊತ್ತಾಗೋದು. ಒಪ್ಪದಿದ್ದರೆ ಅದೇ ಖಾತೆಯಿಂದ ಆ ದಿನ ಮತ್ತೆ ಕೂಗುವಂತಿಲ್ಲ. ಖಾತೆ ತೆರೆದವರು ಯಾರೆಂದು ಕೇಳಿ ಕಂಪನಿಗೆ ನಾಲ್ಕು ಮೇಲ್ ಹೋದವು. ನಾಲ್ಕಕ್ಕೂ ಒಂದೇ ಉತ್ತರ, ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ.’

“ಅನಿಸಿಕೆಯಂತೆ, ಇವನ ಪಿಂಡ!” ಎಂದು ಕೀಬೋರ್ಡು ಕುಟ್ಟಿದರು. ಮೈಸೂರಿನ ಲಾಡ್ಜಿಗೆ ಫೋನ್ ಮಾಡಿದರೆ ಮ್ಯಾನೇಜರ್ ಊರಲ್ಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಫೋನೇ ಎತ್ತಲಿಲ್ಲ. ಇತ್ತ ಸೌಮ್ಯ ಸ್ಕೂಲು ಬಿಟ್ಟವಳೇ ದಿನವೂ ಠಾಣೆಯ ಬಾಗಿಲಲ್ಲಿ. ಸ್ಟಾಫ್‌ ರೂಮಿನಲ್ಲಿ ತನ್ನನ್ನು ಕಂಡೊಡನೆ ಮಾತು ನಿಲ್ಲುತ್ತದೆ ಎಂದಳು. ಅವಳ ಮುಖ ನೋಡಲಾಗದೆ ಇನ್‌ಸ್ಪೆಕ್ಟರು ಫೈಲು ನೋಡಿದರು.

ಎಂಟನೇ ದಿನ ಹೆಡ್ ಕಾನ್‌ಸ್ಟೇಬಲ್ ಅಫ್ಸರ್ ಬಾನುವನ್ನೇ ಮೈಸೂರಿಗೆ ಅಟ್ಟಿದರು. ಆಕೆ ಸಂಜೆಯೊಳಗೆ ಫೋನ್ ಮಾಡಿದಳು.

“ಸಾರ್, ಶನಿವಾರ ಆ ರೂಮಲ್ಲಿ ಮಲಗಿದ್ದೋರು ಗಂಡ ಹೆಂಡ್ತಿ. ಇಬ್ಬರಿಗೂ ಎಪ್ಪತ್ತು ದಾಟಿದೆ. ದೊಡ್ಡರಂಗಯ್ಯ ಅಂತ, ಅರಳಗುಪ್ಪೆಯೋರು.”

“ಅರಳಗುಪ್ಪೆ? ನಮ್ಮ ಅರಳಗುಪ್ಪೇನಾ?”

“ನಮ್ಮದೇ ಸಾರ್.”

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲಾ ಹುಡುಕಿದಂಗಾಯ್ತಲ್ಲಪ್ಪ ಎಂದು ಹನುಮಂತರಾಜು ಹಣೆ ಚಚ್ಚಿಕೊಂಡರು.

ದೊಡ್ಡರಂಗಯ್ಯ ಜಗುಲಿಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದರು. ಪೊಲೀಸರನ್ನು ಕಂಡು ಎದ್ದರು.

“ಮೈಸೂರಿಗೆ ಯಾಕೆ ಹೋಗಿದ್ರಿ?”

“ಕಣ್ಣು ತೋರ್ಸಕ್ಕೆ ಸ್ವಾಮಿ. ಇವಳಿಗೆ ಪೊರೆ ಬಂದೈತೆ.”

“ರೂಮು ಯಾರು ಕೊಡಿಸಿದ್ದು?”

“ಕೊಬ್ಬರಿ ಮಂಡಿ ಕರಿಬಸವಯ್ಯನೋರು. ಮೊಬೈಲಲ್ಲಿ ಕೂಗಿ ಗೆದ್ದುಕೊಟ್ರು. ಒಂದು ಪೈಸೆ ಮೇಲೆ ತಗಳಲಿಲ್ಲ, ಧರ್ಮಾತ್ಮ ಕಣ್ರೀ.”

ಹನುಮಂತರಾಜು ಅಲ್ಲಿಂದಲೇ ಸೌಮ್ಯಳಿಗೆ ಫೋನ್ ಹಚ್ಚಿದರು.

“ಕರಿಬಸವಯ್ಯ ಗೊತ್ತೇನಮ್ಮ?”

“ತಾತಾನಾ? ಅಪ್ಪಾಜಿಗೆ ಅಪ್ಪ ಇದ್ದಂಗೆ ಸಾರ್. ಈ ಸಂಬಂಧ ತಂದೋರೇ ಅವರು.”

“ಅವರಿಗೆ ಓಟಿಪಿ ಕೊಟ್ಟಿದ್ರಾ?”

“ಹೂಂ, ಹೋದ ತಿಂಗಳು. ಮದುವೆ ಛತ್ರ ಬುಕ್ ಮಾಡಬೇಕು ಅಂದ್ರು.”

“ಯಾರಿಗೂ ಕೊಟ್ಟಿಲ್ಲ ಅಂದ್ರಲ್ಲಮ್ಮ!” ಇನ್‌ಸ್ಪೆಕ್ಟರ ದನಿ ಬೀದಿಗೆ ಕೇಳಿಸಿತು.

“ತಾತ ಯಾರೋ ಅಲ್ವಲ್ಲ ಸಾರ್…” ಎಂದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ತಿಪಟೂರಿನ ಮನೆಯಲ್ಲಿ, ಇಬ್ಬರು ಪಂಚರ ಎದುರು ಕರಿಬಸವಯ್ಯನ ಮೊಬೈಲು ಜಪ್ತಾಯಿತು. ಒಂಬತ್ತು ಜನರ ಹೆಸರಲ್ಲಿ ಖಾತೆಗಳಿದ್ದವು. ಅಳಿಯನದು, ಹಾಲಿನವನದು, ಸೌಮ್ಯಳದು. ಮುದುಕ ಪಂಚನಾಮೆಗೆ ತಕರಾರಿಲ್ಲದೆ ಸಹಿ ಹಾಕಿದ.

“ಇದರಲ್ಲಿ ತಪ್ಪೇನೈತೆ ಸಾರ್? ಮಂಡಿಲಿ ಒಬ್ಬೊಬ್ಬರೇ ನಾಲ್ಕು ಹೆಸರಲ್ಲಿ ರೇಟಿನ ಚೀಟಿ ಹಾಕ್ತಿದ್ವಿ. ಒಂದು ಹೋದ್ರೆ ಇನ್ನೊಂದು ನಿಲ್ಲೋದು.”

“ಹುಡುಗಿ ಮದುವೆ ಮುರಿದಿದ್ದು ಗೊತ್ತಾಗಲಿಲ್ವಾ?”

“ಗೊತ್ತಾಯ್ತು. ಮೂರು ಸಲ ಗಂಡಿನ ಮನೆಗೆ ಹೋಗಿ, ಹುಡುಗಿ ಬಂಗಾರ ಕಣ್ರಪ್ಪ ಅಂತ ಕೈ ಮುಗಿದೆ.”

“ರೂಮು ಹಿಡಿದವನು ನಾನೇ ಅಂದ್ರಾ?”

ಕರಿಬಸವಯ್ಯ ಹೆಗಲ ಟವಲು ಸರಿಮಾಡಿಕೊಂಡ. “ಬಾಯಿ ಬರಲಿಲ್ಲ.”

ಹನುಮಂತರಾಜುಗೆ ಮೈಯೆಲ್ಲ ಉರಿಯಿತು. ಆ ಒಂದು ಮಾತು ಆಡಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತಲ್ಲ! ದಸ್ತಗಿರಿ ಮಾಡಿ ಜೀಪು ಹತ್ತಿಸಿದರು.

ಠಾಣೆಗೆ ಬಂದೊಡನೆ ಸೂರ್ಯಪ್ರಕಾಶನ ಅಪ್ಪನಿಗೆ ತಾವೇ ಫೋನ್ ಮಾಡಿ, ಹುಡುಗಿಯದೇನೂ ತಪ್ಪಿಲ್ಲ, ಆರೋಪಿ ಸಿಕ್ಕಿದ್ದಾನೆ ಎಂದರು.

“ಒಳ್ಳೇದಾಯ್ತು ಸಾರ್. ಆದ್ರೆ ನಮ್ಮ ಹುಡುಗನಿಗೆ ಮೊನ್ನೆ ಬೇರೆ ಕಡೆ ತಾಂಬೂಲ ಆಗೋಯ್ತು.”

ಇನ್‌ಸ್ಪೆಕ್ಟರು ಫೋನು ಮೇಜಿನ ಮೇಲೆ ಎಸೆದರು. ಸುದ್ದಿ ತಿಳಿದು ಅಪ್ಪನೊಂದಿಗೆ ಬಂದು ಎದುರಿಗೆ ಕೂತಿದ್ದ ಸೌಮ್ಯ ಏನು ಎಂದು ಕೇಳಲಿಲ್ಲ. ಸ್ಪೀಕರ್ ಆನ್ ಇತ್ತು.

ಬೇಲು ಕೊಡಬಹುದಾದ ಕೇಸು. ಅಳಿಯ ಜಾಮೀನಿಗೆ ಬರುವವರೆಗೆ ಇನ್‌ಸ್ಪೆಕ್ಟರು ಕೇಳಿದಂತೆ ಅಫ್ಸರ್ ಬಾನು ಹೇಳಿಕೆ ಬರೆದುಕೊಂಡಳು. ನಲವತ್ತು ವರ್ಷ ಮಂಡಿಯಲ್ಲಿ ಕರಿಬಸವಯ್ಯ ಹೇಳಿದ್ದೇ ರೇಟು. ಅವನ ಬಾಯಿ ನೋಡಿಕೊಂಡು ವರ್ತಕರು ಚೀಟಿ ಬರೆಯುತ್ತಿದ್ದರು. ಟೆಂಡರು ಕಂಪ್ಯೂಟರಿಗೆ ಹೋದ ಮೇಲೆ ಯಾರೂ ಕೇಳುವವರಿಲ್ಲ. ಒಮ್ಮೆ ಮಗಳಿಗೆಂದು ಮೊಬೈಲಲ್ಲಿ ಒಂದು ರೂಮು ಕೂಗಿ ಗೆದ್ದ. ಆ ರಾತ್ರಿ ನಿದ್ದೆ ಬರಲಿಲ್ಲವಂತೆ, ಅಷ್ಟು ಖುಷಿ. ಆಮೇಲೆ ಊರವರು ಮತ್ತೆ ಮನೆ ಬಾಗಿಲಿಗೆ ಬರತೊಡಗಿದರು.

“ಮೈಸೂರಲ್ಲಿ ಅಂಥ ರೂಮು ಅಷ್ಟು ಕಮ್ಮಿಗೆ ಯಾರಿಗೂ ಬಿದ್ದಿಲ್ಲಮ್ಮ,” ಎಂದ ಬಾನುವಿಗೆ. ಹೇಳುವಾಗ ಮುಖ ಅರಳಿತ್ತು.

ಸೌಮ್ಯ ಬಂದು ಅವನ ಎದುರು ನಿಂತಳು.

“ಎಷ್ಟಕ್ಕೆ ಬಂತು ತಾತ?”

ಕರಿಬಸವಯ್ಯ ಬಾಯಿ ತೆರೆದ. ರೇಟು ನಾಲಗೆಯ ತುದಿಯಲ್ಲೇ ಇತ್ತು. ಟವಲಿನಲ್ಲಿ ಮುಖ ಮುಚ್ಚಿಕೊಂಡ. ಅವಳು ಅಪ್ಪನನ್ನು ಎಬ್ಬಿಸಿಕೊಂಡು ನೊಣವಿನಕೆರೆ ಬಸ್ಸಿಗೆ ಹೊರಟಳು.