ಕ್ಯಾಪ್ಟನ್ ಜೇಬಿನ ಬಿರಡೆ

"ಬಿರಡೆ ಹಾಕಿದ್ಯಾ, ಕ್ಯಾಪ್ಟನ್?"

"ಹಾಕ್ದೆ ಮಾವ!" ಎಂದು ಬುಗುರಿ ಕೂಗಿದಳು.

ಕೂಗುವಾಗ ಅವಳ ಒಂದು ಕೈಯಲ್ಲಿ ತಮ್ಮನ ಕಾಲರ್ ಇತ್ತು, ಇನ್ನೊಂದು ಕೈಯಲ್ಲಿ ದೋಣಿಯ ಮುಂದಿನ ಸೀಟು. ಆ ಸೀಟಿಗಾಗಿ ಅಕ್ಕ ತಮ್ಮ ಆಡಿದ ಜಗಳ ಕೇಳಲಾರದೆ ನದಿಯ ಮೀನುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಆಚೆ ದಡಕ್ಕೆ ಹೊರಟಿದ್ದವು.

ಬುಗುರಿ ಅನ್ನುವುದು ಅಜ್ಜಿ ಇಟ್ಟ ಹೆಸರು. ನಿಂತಲ್ಲಿ ನಿಲ್ಲದ ಹುಡುಗಿಗೆ ಇನ್ನೇನು ಹೆಸರಿಡುತ್ತಾರೆ? ಆದರೆ ಇವತ್ತು ಒಂದು ದಿನದ ಮಟ್ಟಿಗೆ ಅವಳು ಕ್ಯಾಪ್ಟನ್. ಮಾವ ಮೋಟಾರು ರಿಪೇರಿ ಮಾಡುವ ಮೆಕ್ಯಾನಿಕ್. ಅವನದೇ ಒಂದು ಮೋಟಾರು ದೋಣಿ ಇತ್ತು. ಅದೆಷ್ಟು ಪುಟ್ಟದೆಂದರೆ, ಅಜ್ಜಿ ಒಮ್ಮೆ ಸೀನಿದರೆ ಪೆಟ್ರೋಲ್ ಇಲ್ಲದೆಯೇ ಎರಡು ಮಾರು ಮುಂದೆ ಹೋಗುತ್ತಿತ್ತು.

"ಕ್ಯಾಪ್ಟನ್ ಕೆಲಸ ಎಲ್ಲಾ ನೆಟ್ಟಗೆ ಮಾಡಿದ್ರೆ, ವಾಪಸ್ ಬರುವಾಗ ಸ್ಟೀರಿಂಗ್ ನಿನ್ ಕೈಗೆ" ಎಂದು ಮಾವ ಹೋದ ವಾರವೇ ಮಾತು ಕೊಟ್ಟಿದ್ದ. ಅವತ್ತಿನಿಂದ ಬುಗುರಿ ಊಟದ ತಟ್ಟೆಯನ್ನೂ ಸ್ಟೀರಿಂಗಿನಂತೆ ತಿರುಗಿಸಿಯೇ ಉಣ್ಣುತ್ತಿದ್ದಳು.

ನದಿ ನಡುವಿನ ಮರಳದಿಣ್ಣೆಗೆ ದೋಣಿ ಹೊರಟಿತು. ಮಾವ ಮುಂದೆ ಕೂತು ನಿಧಾನವಾಗಿ ಓಡಿಸಿದ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಎಲ್ಲರೂ ಕುಂಬಳಕಾಯಿಗಳಂತೆ ಕಾಣುತ್ತಿದ್ದರು. ದಡದಲ್ಲಿ ಬಟ್ಟೆ ಒಣಗಿಸುವವರಿಗೆ ತಮ್ಮ ಟಾಟಾ ಮಾಡಿದ. ಅವರೂ ಮಾಡಿದರು. ಸೇತುವೆಯ ಕೆಳಗೆ ಬುಗುರಿ "ಓಓಓ!" ಎಂದಳು. ಸೇತುವೆಯೂ "ಓಓಓ!" ಎಂದಿತು. ತಮ್ಮ ನಕ್ಕೂ ನಕ್ಕೂ ಬಿಕ್ಕಳಿಕೆ ತರಿಸಿಕೊಂಡ.

"ಮರಳದಿಣ್ಣೆ ಬರ್ಲಿ, ಎಲ್ಲರಿಗಿಂತ ಮೊದಲು ನೀರಿಗಿಳಿಯೋದು ನಾನೇ" ಎಂದಳು ಅಜ್ಜಿ. ಒಂದು ವಾರದಿಂದ ಈ ಮಾತನ್ನು ಅವಳು ಸಾವಿರದ ಒಂದು ಸಲ ಹೇಳಿದ್ದಳು.

ಅಷ್ಟರಲ್ಲಿ ತಮ್ಮ ಬುಗುರಿಯ ಕಿವಿಗೆ ಬಾಯಿಟ್ಟ.

"ಅಕ್ಕ, ನಿನ್ ಚಪ್ಪಲಿ ಈಜ್ತಾ ಇದೆ."

ಬುಗುರಿ ಬಗ್ಗಿ ನೋಡಿದಳು. ದೋಣಿಯ ಒಳಗೆ ನೀರು! ಅವಳ ಚಪ್ಪಲಿ ಬಾತುಕೋಳಿಯಂತೆ ತೇಲುತ್ತಾ ಅಜ್ಜಿಯ ಕಡೆ ಹೊರಟಿತ್ತು.

ಅವಳ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅಲ್ಲಿತ್ತು ಬಿರಡೆ.

ದೋಣಿಯ ಹಿಂಬದಿಯಲ್ಲಿ, ಕೆಳಗೆ, ಹೆಬ್ಬೆರಳು ಹಿಡಿಸುವಷ್ಟು ತೂತು ಒಂದಿದೆ. ದೋಣಿ ದಡದಲ್ಲಿದ್ದಾಗ ಮಳೆನೀರು ಹರಿದುಹೋಗಲಿ ಅಂತ. ನೀರಿಗಿಳಿಸುವ ಮೊದಲು ಅದಕ್ಕೆ ರಬ್ಬರ್ ಬಿರಡೆ ತುರುಕಬೇಕು. ಸೀಟಿನ ಜಗಳದಲ್ಲಿ ಅದು ಮರೆತೇಹೋಗಿತ್ತು.

ಹೇಳಿಬಿಡಲಾ? ಹೇಳಿದರೆ ಸ್ಟೀರಿಂಗ್ ಹೋಯಿತು! ಬುಗುರಿಯ ಬಾಯಿ ಎರಡು ಸಲ ತೆರೆಯಿತು, ಎರಡು ಸಲ ಮುಚ್ಚಿಕೊಂಡಿತು.

ಅಜ್ಜಿ ತೇಲಿಬಂದ ಚಪ್ಪಲಿ ನೋಡಿದಳು. ಮೊಮ್ಮಗಳ ಮುಖ ನೋಡಿದಳು. ಜೇಬಿನಲ್ಲಿ ಸಿಕ್ಕಿಕೊಂಡ ಕೈಯನ್ನೂ ನೋಡಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ಹಿಂದಿನ ಸೀಟಿಗೆ ಹೋಗಿ ಉಲ್ಟಾ ಕೂತಳು. ಮುಖ ಹಿಂದಕ್ಕೆ, ಬೆನ್ನು ಎಲ್ಲರ ಕಡೆಗೆ.

"ಯಾಕಮ್ಮ ಹಂಗೆ ಕೂತೆ?" ಎಂದು ಮಾವ ಕೂಗಿದ.

"ಹೋಗೋ ದಾರಿ ನೀವು ನೋಡ್ಕೊಳ್ಳಿ. ಬಂದ ದಾರಿ ಯಾರಾದ್ರೂ ನೋಡ್ಬೇಡ್ವಾ?"

ಅಜ್ಜಿ ಫ್ಲಾಸ್ಕಿನ ಮುಚ್ಚಳ ತೆಗೆದು ದೋಣಿಯ ನೀರನ್ನು ಮೊಗೆದು ಮೊಗೆದು ಹೊರಗೆ ಚೆಲ್ಲಿದಳು. "ಪಾಪ, ನದಿಗೆ ನೀರು ಕಮ್ಮಿಯಾಗಿದೆ" ಎಂದಳು. ತಮ್ಮನಿಗೆ ಮತ್ತೆ ಬಿಕ್ಕಳಿಕೆ ಶುರುವಾಯಿತು.

ಆಮೇಲೆ ಒಂದು ತೊಟ್ಟು ನೀರೂ ಬರಲಿಲ್ಲ. ದೋಣಿ ತಾನಾಗಿಯೇ ಹುಷಾರಾಗಿದೆ ಅಂದುಕೊಂಡಳು ಬುಗುರಿ. ಅವಳಿಗೆ ಜೀವ ಬಂತು. ಬನ್ನು ತಿಂದಳು, ಕೊಕ್ಕರೆಗೆ ಸೆಲ್ಯೂಟ್ ಹೊಡೆದಳು, ಎದುರು ಬಂದ ದೋಣಿಯವನಿಗೆ "ಸೈಡ್ ಪ್ಲೀಸ್!" ಎಂದಳು.

"ಅಜ್ಜಿ, ಮಾವ ಫೋಟೋ ತೆಗೀತಾರಂತೆ, ಮುಂದೆ ಬಾ!" ಎಂದ ತಮ್ಮ.

"ನನ್ ಬೆನ್ನು ಮುಖಕ್ಕಿಂತ ಚೆನ್ನಾಗಿದೆ. ಅದನ್ನೇ ತೆಗೀರಿ."

ಮರಳದಿಣ್ಣೆ ಬಂತು. ದೋಣಿಯ ಮೂತಿ ಮರಳಿಗೆ ತಾಗಿತು. ಮಾವ, ತಮ್ಮ, ಬುಗುರಿ ಧುಡುಂ ಎಂದು ಹಾರಿದರು. ಎರಚಾಡಿದ ನೀರಿಗೆ ಮೋಡವೇ ನೆನೆದುಹೋಗಿರಬೇಕು.

ಅಜ್ಜಿ ಮಾತ್ರ ಇಳಿಯಲಿಲ್ಲ.

"ಬಾರಮ್ಮ!" ಎಂದ ಮಾವ.

"ಮಂಡಿ ನೋವು ಕಣೋ. ನೀವು ಆಡಿ."

ಮಂಡಿ ನೋವಾ? ಬೆಳಗ್ಗೆ ದೋಣಿಗೆ ಎಲ್ಲರಿಗಿಂತ ಮೊದಲು ಹತ್ತಿದವಳು ಇದೇ ಅಜ್ಜಿಯಲ್ಲವೇ? ಬುಗುರಿ ನೀರಿನಲ್ಲೇ ನಡೆದು ದೋಣಿಯ ಹಿಂದಕ್ಕೆ ಬಂದು ಒಳಗೆ ಇಣುಕಿದಳು.

ಅಜ್ಜಿಯ ಬಲಗಾಲಿನ ಹೆಬ್ಬೆರಳು ತೂತಿನೊಳಗಿತ್ತು. ನೆನೆದೂ ನೆನೆದೂ ಅದು ಒಣದ್ರಾಕ್ಷಿಯಾಗಿತ್ತು.

"ಅಜ್ಜಿ..."

"ಶ್ಶ್! ಮಾವಂಗೆ ಹೇಳ್ಬೇಡ. ಬೇಗ ಬಿರಡೆ ತುರುಕು. ಇಲ್ದಿದ್ರೆ ಈ ಬೆರಳನ್ನ ಮೀನು ಮದುವೆಗೆ ಕೇಳುತ್ತೆ."

ಬುಗುರಿ ಒಳಗೆ ಹತ್ತಿ ಬಿರಡೆಯನ್ನು ಗಟ್ಟಿಯಾಗಿ ತಿರುಗಿಸಿ ತುರುಕಿದಳು. ಅಜ್ಜಿ ಕಾಲು ಕೊಡವಿ, ಸೀರೆ ಎತ್ತಿ ಕಟ್ಟಿ, ಮಂಡಿಯುದ್ದ ನೀರಿಗೆ ಇಳಿದೇಬಿಟ್ಟಳು. "ಹಾಯ್!" ಎಂದು ಅವಳು ಕೂಗಿದ್ದಕ್ಕೆ ನದಿಯೇ ಒಂದು ಗಳಿಗೆ ನಿಂತು ನೋಡಿತು.

ವಾಪಸ್ ಹೊರಡುವ ಹೊತ್ತಾಯಿತು.

"ಬಾರೇ ಕ್ಯಾಪ್ಟನ್, ಸ್ಟೀರಿಂಗ್ ಹಿಡ್ಕೋ" ಎಂದ ಮಾವ.

ಸ್ಟೀರಿಂಗ್ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಬುಗುರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಮಾವ, ನಾನು ಬಿರಡೆ ಹಾಕಿರ್ಲಿಲ್ಲ. ಈಗ ಹಾಕ್ದೆ. ಅಲ್ಲೀವರೆಗೂ ಅಜ್ಜಿ ಹೆಬ್ಬೆರಳು ಹಾಕಿದ್ರು."

ಮಾವ ತೂತು ನೋಡಿದ, ಅಜ್ಜಿಯ ಕಾಲು ನೋಡಿದ. ನಗು ತಡೆಯಲು ಮೀಸೆ ಕಚ್ಚಿಕೊಂಡ.

"ನೀರು ಕಂಡ ತಕ್ಷಣ ನಂಗೆ ಹೇಳ್ಬೇಕಿತ್ತು. ಇಬ್ರೂ" ಎಂದ. "ಹಂಗಾದ್ರೆ ಈಗ ಸ್ಟೀರಿಂಗ್ ಯಾರಿಗೆ?"

ಬುಗುರಿ ಅಜ್ಜಿಯ ಕಡೆ ಬೆರಳು ತೋರಿಸಿದಳು.

"ಅಯ್ಯಯ್ಯೋ, ನಾನು ಸೈಕಲ್ ಕೂಡ ಹೊಡೆದಿಲ್ಲ!" ಎನ್ನುತ್ತಲೇ ಅಜ್ಜಿ ಮಾವನ ಪಕ್ಕ ಹೋಗಿ ಕೂತಾಗಿತ್ತು.

ದೋಣಿ ಹಾವಿನಂತೆ ಹರಿದಾಡುತ್ತಾ ಹೊರಟಿತು. ಬಾತುಕೋಳಿಗಳು ದಿಕ್ಕಾಪಾಲಾದವು. "ಎಡಕ್ಕಮ್ಮ, ಎಡಕ್ಕೆ!" ಎಂದು ಮಾವ ಕೂಗಿದ. "ಎಲ್ಲಾ ಕಡೆಗೂ ಹೋಗೋಣ ಬಿಡೋ!" ಎಂದಳು ಅಜ್ಜಿ.

ಬುಗುರಿ ಹಿಂದಿನ ಸೀಟಿನಲ್ಲಿ ಉಲ್ಟಾ ಕೂತಳು. ಚಪ್ಪಲಿ ಬಿಟ್ಟು, ತಳದಲ್ಲಿ ಉಳಿದಿದ್ದ ನೀರಿಗೆ ಕಾಲಿಟ್ಟು, ಹೆಬ್ಬೆರಳನ್ನು ಬಿರಡೆಗೆ ಒತ್ತಿ ಹಿಡಿದಳು. ನೀರು ಐಸಿನಂತಿತ್ತು. ಒಂದು, ಎರಡು, ಮೂರು ಎಂದು ಎಣಿಸತೊಡಗಿದಳು. ನೂರಕ್ಕೆ ಬರುವಷ್ಟರಲ್ಲಿ ಬೆರಳು ಜೋಮು ಹಿಡಿಯಿತು.

ಮರಳದಿಣ್ಣೆ ದೂರ ದೂರ ಆಗುತ್ತಿತ್ತು. ಅಲ್ಲಿಗೆ ಹೋಗುವಾಗ ಅಜ್ಜಿಗೆ ಎಷ್ಟು ನೂರು ಆಗಿತ್ತೋ!

ಮುಂದಿನಿಂದ ಅಜ್ಜಿಯ ಕಿಲಕಿಲ ನಗು ಕೇಳಿಸಿತು. ಬುಗುರಿ ಕಾಲು ತೆಗೆಯಲಿಲ್ಲ. ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದಳು.