ಮೂವತ್ತೆರಡು ಸಹಿಗಳ ಕಾಗದ

ಢಮ್ ಎಂದು ಸಿಡಿದ ಸದ್ದಿಗೆ ಕೋಣೆಯಲ್ಲಿದ್ದ ಹುಡುಗಿಯರೆಲ್ಲ ಕುರ್ಚಿ ಬಿಟ್ಟು ಗೋಡೆಗೆ ಒರಗಿ ನಿಂತರು.

ಮೂರನೇ ಕಂಪ್ಯೂಟರಿನ ಹೊಟ್ಟೆಯೊಳಗೆ ಏನೋ ಚೂರುಚೂರಾಗಿ ಗರಗರ ಸುತ್ತುತ್ತಿತ್ತು. ಉಷಾರಾಣಿ ಓಡಿ ಹೋಗಿ ಸ್ವಿಚ್ ಆರಿಸಿದಳು.

"ಮಿಸ್... ನಾನೇನೂ ಮಾಡ್ಲಿಲ್ಲ. ಸಿಡಿ ಹಾಕ್ದೆ ಅಷ್ಟೇಯ," ಎಂದು ರಮ್ಯಾ ಅಳುವ ದನಿಯಲ್ಲಿ ಹೇಳಿದಳು. ದಿನವೂ ಕಟ್ಟೆಮಳಲವಾಡಿಯಿಂದ ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದ ಹುಡುಗಿ.

ಅದು 2004ರ ಜೂನ್. ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಉಷಾರಾಣಿ ಹೆಣ್ಣುಮಕ್ಕಳಿಗಾಗಿ ಕಂಪ್ಯೂಟರ್ ತರಬೇತಿ ನಡೆಸುತ್ತಿದ್ದಳು. ಇಂಟರ್‌ನೆಟ್ ಇರಲಿಲ್ಲ. 'ಗಣಕ ದೀವಿಗೆ' ಎಂಬ ಮಾಸಪತ್ರಿಕೆಯ ಜೊತೆ ಬರುವ ಸಿಡಿಯೇ ಅವರಿಗೆ ಪಾಠ, ಪ್ರಪಂಚ, ಎಲ್ಲಾ. ಮೂವತ್ತೊಂದು ಹುಡುಗಿಯರ ಕೈಯಲ್ಲಿ ಸರದಿಯಂತೆ ಓಡಾಡಿದ ಆ ಸಿಡಿ ಯಾವಾಗಲೋ ಬಿರುಕು ಬಿಟ್ಟಿತ್ತು.

ಕೆಳಗಿನ ಬೀದಿಯಲ್ಲಿ ಹೊಸದಾಗಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದಿದ್ದವನನ್ನು ಕರೆಸಿದರು. ಭೇರ್ಯದ ಪ್ರಭುಸ್ವಾಮಿ. ತೆಳ್ಳಗಿನ ಆಳು, ಜೇಬಿನಲ್ಲಿ ಎರಡು ಸ್ಕ್ರೂಡ್ರೈವರ್. ಡ್ರೈವ್ ಬಿಚ್ಚಿ ಹಾಳೆಯ ಮೇಲೆ ಸುರಿದಾಗ ಬೆಳ್ಳಿ ಬಣ್ಣದ ಚೂರುಗಳು ಉದುರಿದವು.

"ಯಾರ ಮುಖಕ್ಕೂ ಸಿಡೀಲಿಲ್ವಲ್ಲ, ಪುಣ್ಯ," ಎಂದ. ಆಮೇಲೆ ನಕ್ಕ. "ಸಿಡಿ ಕಾಲ ಮುಗೀತು ಕಣ್ರೀ ಮೇಡಂ. ಇನ್ಮೇಲೆ ಡಿವಿಡಿ. ನಿಮ್ಮ ಪತ್ರಿಕೆಯವರೂ ಬದ್ಲಾಯಿಸ್ತರೆ, ನೋಡ್ತಾ ಇರಿ."

ಉಷಾರಾಣಿಗೆ ಮೈ ಉರಿಯಿತು. ಹುಡುಗಿಯರು ಇನ್ನೂ ಗೋಡೆ ಬಿಟ್ಟು ಬಂದಿಲ್ಲ, ಇವನಿಗೆ ವ್ಯಾಪಾರದ ಯೋಚನೆ!

"ಈ ಐದು ಕಂಪ್ಯೂಟರಲ್ಲಿ ಒಂದಕ್ಕಾದರೂ ಡಿವಿಡಿ ಓದುವ ಡ್ರೈವ್ ಇದೆಯಾ, ನೋಡಿ ಹೇಳಿ."

"ಇಲ್ಲ. ಹಾಕುಸ್ಕೋಬೇಕು."

"ಹಾಕಿಸಿಕೊಳ್ಳೋಕೆ ಆಗದವರು ಏನು ಮಾಡಬೇಕು?"

ಅವನ ನಗು ನಿಂತುಹೋಯಿತು. ಸ್ಕ್ರೂಡ್ರೈವರನ್ನು ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಂಡ. ಅವನು ಹಾಗೆ ತಬ್ಬಿಬ್ಬಾದದ್ದು ಯಾಕೋ ಅವಳಿಗೆ ಹಿಡಿಸಿತು.

ಆಮೇಲಿನ ತಿಂಗಳುಗಳಲ್ಲಿ ಪ್ರಭುಸ್ವಾಮಿ ಕರೆಯದಿದ್ದರೂ ಪ್ರತಿ ಮಂಗಳವಾರ ಬರತೊಡಗಿದ. ಡ್ರೈವ್ ಸರಿಯಿದೆಯೇ ಎಂದು ಕೇಳುತ್ತಿದ್ದ. ಇದೆ ಎಂದರೂ ಹೋಗುತ್ತಿರಲಿಲ್ಲ. ಮಾತು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು.

"ಏಳು ಸಿಡಿ ಸರಕು ಒಂದೇ ಡಿವಿಡೀಲಿ ಹಿಡಿಸ್ತದೆ. ನಿಮ್ಮ ಹುಡುಗೀರಿಗೆ ಎಷ್ಟೊಂದು ಪಾಠ ಸಿಗ್ತದೆ, ಯೋಚ್ನೆ ಮಾಡಿ."

"ತೆರೆಯೋಕೇ ಆಗದ ಪಾಠ ಎಷ್ಟಿದ್ದರೇನು?"

ಮಂಗಳವಾರ ಅವನು ಬಾರದಿದ್ದರೆ ಉಷಾರಾಣಿ ಎರಡು ಸಲ ಕಿಟಕಿಯಿಂದ ಕೆಳಗೆ ಇಣುಕುತ್ತಿದ್ದಳು. 'ಯಾಕೆ ಇಣುಕ್ತಿದ್ದೀನಿ?' ಎಂದು ತನ್ನನ್ನೇ ಕೇಳಿಕೊಂಡು ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದಳು.

ಅಕ್ಟೋಬರಿನ ಸಂಚಿಕೆಯಲ್ಲಿ ಪತ್ರಿಕೆ ಒಂದು ಪ್ರಶ್ನೆ ಕೇಳಿತ್ತು. ಸಂಚಿಕೆಯ ಜೊತೆ ಕೊಡುವ ಸಿಡಿಯನ್ನು ಡಿವಿಡಿಗೆ ಬದಲಾಯಿಸಬೇಕೇ? ಓದುಗರು ಬರೆದು ತಿಳಿಸಿ.

ಉಷಾರಾಣಿ ಎರಡು ಹಾಳೆ ಬರೆದಳು. ಮೊದಲು ಆ ಕಡೆಯವರ ಮಾತನ್ನೂ ನ್ಯಾಯವಾಗಿ ಹೇಳಿದಳು. ಡಿವಿಡಿಯಲ್ಲಿ ಹೆಚ್ಚು ವಿಷಯ ಹಿಡಿಸುತ್ತದೆ, ಕಾಲಕ್ಕೆ ತಕ್ಕಂತೆ ಪತ್ರಿಕೆ ಬದಲಾಗಬೇಕು ಎಂದು ಹಲವರು ವಾದಿಸುತ್ತಾರೆ ಎಂದು. ಆಮೇಲೆ ತನ್ನ ಮಾತು. ನಮ್ಮ ಕಡೆ ಆ ಡ್ರೈವ್ ಇರುವ ಕಂಪ್ಯೂಟರ್ ಹುಡುಕಬೇಕು, ದಯವಿಟ್ಟು ನಮ್ಮನ್ನು ಹೊರಗೆ ನಿಲ್ಲಿಸಬೇಡಿ ಎಂದು. ಕೆಳಗೆ ಅವಳದೂ ಸೇರಿ ಮೂವತ್ತೆರಡು ಸಹಿ. ರಮ್ಯಾ ತನ್ನ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಳು.

ಕೊನೆಯ ದಿನಾಂಕಕ್ಕೆ ಒಂದೇ ದಿನ ಉಳಿದಿತ್ತು. ಅಂಚೆಗೆ ಹಾಕಿದರೆ ತಲುಪುವುದಿಲ್ಲ. ಇಂಟರ್‌ನೆಟ್ ಇದ್ದದ್ದು ಪ್ರಭುಸ್ವಾಮಿಯ ಅಂಗಡಿಯಲ್ಲಿ.

"ನನ್ನ ವಿರುದ್ಧದ ಕಾಗದಾನ ನನ್ ಕೈಲೇ ಟೈಪ್ ಮಾಡುಸ್ತೀರಲ್ಲ," ಎಂದ ಅವನು, ಹಾಳೆಗಳನ್ನು ಇಸಿದುಕೊಳ್ಳುತ್ತ.

"ನಿಮ್ಮ ಮೇಲೆ ನಂಬಿಕೆ ಇದೆ," ಎಂದಳು. ಹೇಳಿದವಳೇ ನೆಲ ನೋಡಿದಳು. ಅವನೂ ತಲೆ ತಗ್ಗಿಸಿದ.

ಡಿಸೆಂಬರಿನ ಸಂಚಿಕೆ ಬಂದ ದಿನ ಹುಡುಗಿಯರೆಲ್ಲ ಮೇಜಿನ ಸುತ್ತ ಮುತ್ತಿಕೊಂಡಿದ್ದರು. ಉಷಾರಾಣಿ ಪುಟ ತಿರುಗಿಸಿದಳು. ತನ್ನ ಹೆಸರು ಕಂಡಿತು. ಅದರ ಮೇಲಿದ್ದ ಸಾಲುಗಳನ್ನು ಓದಿದಳು.

ಮತ್ತೊಮ್ಮೆ ಓದಿದಳು.

'ಡಿವಿಡಿಯಲ್ಲಿ ಹೆಚ್ಚು ವಿಷಯ ಹಿಡಿಸುತ್ತದೆ. ಕಾಲಕ್ಕೆ ತಕ್ಕಂತೆ ಪತ್ರಿಕೆ ಬದಲಾಗಬೇಕು. – ಉಷಾರಾಣಿ ಮತ್ತು ಮೂವತ್ತೊಂದು ವಿದ್ಯಾರ್ಥಿನಿಯರು, ಹುಣಸೂರು.'

ಅಷ್ಟೇ. ಪಕ್ಕದಲ್ಲಿ ಸಂಪಾದಕರ ಮಾತು: ಸಣ್ಣ ಊರಿನ ಹೆಣ್ಣುಮಕ್ಕಳೂ ಡಿವಿಡಿಯನ್ನೇ ಕೇಳುತ್ತಿರುವುದರಿಂದ ಜನವರಿಯಿಂದ ಸಿಡಿ ಇರುವುದಿಲ್ಲ.

ಅಕ್ಷರಗಳು ಕಲಸಿಕೊಂಡವು.

"ಮಿಸ್, ನಾವು ಸಹಿ ಹಾಕಿದ್ದು ಇದುಕ್ಕಾ?" ರಮ್ಯಾ ಮೆಲ್ಲಗೆ ಕೇಳಿದಳು.

ಉಷಾರಾಣಿ ಪತ್ರಿಕೆ ಹಿಡಿದು ಮೆಟ್ಟಿಲಿಳಿದಳು. ಅಂಗಡಿಯಲ್ಲಿ ಪ್ರಭುಸ್ವಾಮಿ ಒಂದು ದೊಡ್ಡ ಪೆಟ್ಟಿಗೆ ಬಿಚ್ಚುತ್ತಿದ್ದ. ಒಳಗೆ ಸಾಲಾಗಿ ಹೊಸ ಡಿವಿಡಿ ಡ್ರೈವುಗಳು.

ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಇದಕ್ಕಾಗಿ ಅಲ್ವಾ?"

"ಏನು ಮೇಡಂ?"

ಪತ್ರಿಕೆಯನ್ನು ಅವನ ಮುಂದೆ ಇಟ್ಟಳು. ಓದುತ್ತ ಓದುತ್ತ ಅವನ ಮುಖ ಬಿಳಿಚಿಕೊಂಡಿತು.

"ನಾನು ಒಂದಕ್ಷರಾನೂ ಮುಟ್ಟಿಲ್ಲ ಉಷಾ ಅವ್ರೇ. ತಡೀರಿ, ಕಳಿಸಿರದು ಇದರಲ್ಲೇ ಅದೆ, ತೋರುಸ್ತೀನಿ..."

"ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬರೆದು ತೋರಿಸಬಹುದು. ಅದನ್ನೇ ನಾನು ದಿನಾ ಕಲಿಸೋದು."

ಬೀದಿಯ ಜನ ನಿಂತು ನೋಡುತ್ತಿದ್ದರು. ಪಕ್ಕದಲ್ಲಿ ಹೂ ಮಾರುತ್ತಿದ್ದ ರಾಚಮ್ಮ ಕಟ್ಟುತ್ತಿದ್ದ ಮಾಲೆಯನ್ನು ಮಡಿಲಿಗೆ ಬಿಟ್ಟಳು.

"ಮೂವತ್ತೊಂದು ಹೆಣ್ಣುಮಕ್ಕಳು ನನ್ನನ್ನು ನಂಬಿದ್ದರು. ನಾನು ನಿಮ್ಮನ್ನು ನಂಬಿದ್ದೆ," ಎಂದಳು. ಅವಳು ತಿರುಗಿ ನೋಡದೆ ಹೊರಟಳು.

ಮನೆಗೆ ಹೋಗಿ ತಾಯಿ ಪುಟ್ಟಮಲ್ಲಮ್ಮನ ಎದುರು ಮೊದಲ ಸಲ ಗಟ್ಟಿಯಾಗಿ ಅತ್ತಳು. ಒಂದು ಕಾಗದಕ್ಕೆ ಇಷ್ಟು ಅಳುವುದುಂಟೇ ಎಂದು ತಾಯಿ ಕೇಳಲಿಲ್ಲ. ಅವರಿಗೆ ಅರ್ಥವಾಗಿತ್ತು.

ಒಂದೇ ವಾರದಲ್ಲಿ ಒಂಬತ್ತು ಹುಡುಗಿಯರು ಬರುವುದನ್ನು ಬಿಟ್ಟರು. ರಮ್ಯಾ ಕೂಡ. ಮಂಗಳವಾರಗಳು ಬಂದವು, ಹೋದವು. ಕಿಟಕಿಯ ಕಡೆ ಹೋಗಬಾರದು ಎಂದು ಉಷಾರಾಣಿ ತನ್ನ ಕುರ್ಚಿಯನ್ನೇ ಆಚೆ ಗೋಡೆಗೆ ಸರಿಸಿದಳು. ಆದರೂ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಪಾಠ ಅರ್ಧಕ್ಕೇ ನಿಂತುಬಿಡುತ್ತಿತ್ತು.

ಜನವರಿಯ ಮೊದಲ ವಾರ. ರಮ್ಯಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಹೊಸ ಸಂಚಿಕೆ.

"ಮಿಸ್, ಬಸ್ ಸ್ಟ್ಯಾಂಡಲ್ಲಿ ನೋಡ್ದೆ. ನಮ್ ಕಾಗದ ಪೂರ್ತಿ ಬಂದದೆ. ಮೂವತ್ತೆರಡು ಹೆಸ್ರೂವೆ."

ಉಷಾರಾಣಿ ಕಸಿದುಕೊಂಡು ನೋಡಿದಳು. ಅವಳ ಎರಡು ಹಾಳೆ ಒಂದು ಮಾತೂ ಬಿಡದೆ ಅಚ್ಚಾಗಿತ್ತು. ಮೇಲೆ ಸಂಪಾದಕರ ಕ್ಷಮೆ. ಜಾಗ ಸಾಲದೆಂದು ಪತ್ರವನ್ನು ಕತ್ತರಿಸುವಾಗ ಅದರ ಅರ್ಥವೇ ತಿರುವುಮುರುವಾಯಿತು, ತಪ್ಪು ನಮ್ಮದೇ. ಹುಣಸೂರಿನಿಂದ ಪ್ರಭುಸ್ವಾಮಿಯವರು ಖುದ್ದಾಗಿ ನಮ್ಮ ಕಚೇರಿಗೆ ಬಂದು ಕೈಬರಹದ ಹಾಳೆಗಳನ್ನು ಮುಂದಿಟ್ಟಾಗಲೇ ನಮಗೆ ತಿಳಿದದ್ದು.

ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿದಳು.

ಕೆಳಗೆ ಅವನದೇ ಒಂದು ಪತ್ರ.

'ನಾನು ಡಿವಿಡಿ ಡ್ರೈವ್ ಮಾರುವವನು. ಪತ್ರಿಕೆ ಡಿವಿಡಿ ಕೊಡಬೇಕೆಂಬುದು ನನ್ನ ಅಭಿಪ್ರಾಯ, ಈಗಲೂ ಅದೇ. ಆದರೆ ಉಷಾರಾಣಿಯವರ ಮಾತನ್ನು ತಲೆಕೆಳಗು ಮಾಡಿ ನನ್ನ ಮಾತು ಗೆಲ್ಲುವುದು ನನಗೆ ಬೇಡ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕಿಗೆ ನಾನು ರಿಪೇರಿಗೆ ಹೋಗುತ್ತೇನೆ. ನೂರು ಕಂಪ್ಯೂಟರ್ ಬಿಚ್ಚಿದರೆ ನಾಲ್ಕರಲ್ಲೂ ಡಿವಿಡಿ ಡ್ರೈವ್ ಸಿಗುವುದಿಲ್ಲ. ಇನ್ನೊಂದು ವರ್ಷವಾದರೂ ಕೇಳಿದವರಿಗೆ ಸಿಡಿಯನ್ನೂ ಕೊಡಿ.'

ಪತ್ರಿಕೆ ಒಪ್ಪಿಕೊಂಡಿತ್ತು. ಒಂದು ವರ್ಷ ಎರಡೂ ಇರುತ್ತದೆ, ಬೇಕಾದವರು ಬೇಕಾದದ್ದನ್ನು ಕೇಳಿ ಪಡೆಯಬಹುದು.

'ನಾನು ಏನು ಮಾಡಿಬಿಟ್ಟೆ... ಬೀದಿ ಜನರ ಮುಂದೆ ಏನೆಲ್ಲಾ ಅಂದುಬಿಟ್ಟೆ...'

ಕೆಳಗೆ ಓಡಿದಳು. ಅಂಗಡಿಗೆ ಬೀಗ.

"ಅವ್ನೆಲ್ಲವ್ನೆ ಇಲ್ಲಿ?" ಎಂದಳು ರಾಚಮ್ಮ. "ಕಾಗದ ತಿದ್ದಿದೋನು ಅಂತ ಊರೆಲ್ಲಾ ಆಡ್ಕಂಡ್ರಲ್ಲ ಕಣವ್ವ, ಯಾರೂ ಅಂಗಡಿ ತಾವ ಬರ್ನಿಲ್ಲ. ಬೈಲಕುಪ್ಪೆ ಟಿಬೇಟಿನೋರ ಸ್ಕೂಲಲ್ಲಿ ಕೆಲಸ ಸಿಕ್ಕದೆ ಅಂತ ಓದ್ ವಾರ ಒಂಟೋದ."

ಉಷಾರಾಣಿ ಇನ್ನೇನೂ ಕೇಳಲಿಲ್ಲ. ತರಗತಿಯನ್ನು ರಮ್ಯಾಳಿಗೆ ಒಪ್ಪಿಸಿ, ಪಿರಿಯಾಪಟ್ಟಣದ ಮೇಲೆ ಬೈಲಕುಪ್ಪೆಗೆ ಹೋಗುವ ಬಸ್ಸು ಹತ್ತಿದಳು.

ಜೋಳದ ಹೊಲಗಳ ನಡುವಿನ ಶಾಲೆ. ಕಟಾವು ಮುಗಿದ ಹೊಲದಲ್ಲಿ ಒಣಗಿದ ದಂಟು. ಕಂಪ್ಯೂಟರ್ ಕೋಣೆಯಲ್ಲಿ ಪ್ರಭುಸ್ವಾಮಿ ಮೇಜಿನ ಅಡಿಯಲ್ಲಿ ಕೂತು ವೈರ್ ಜೋಡಿಸುತ್ತಿದ್ದ. ಚಪ್ಪಲಿ ಸದ್ದಿಗೆ ತಲೆಯೆತ್ತಿದವನು ಮೇಜಿಗೆ ಹಣೆ ಬಡಿದುಕೊಂಡು ಹಾಗೇ ಉಳಿದ.

"ನೀವಾ..."

"ನಾನೇ." ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ. "ತಪ್ಪಾಯ್ತು. ನೀವು ತೋರಿಸ್ತೀನಿ ಅಂದಿರಿ, ನಾನು ನೋಡಲಿಲ್ಲ. ನೋಡಿದ್ದರೆ ಸಾಕಿತ್ತು."

ಅವನು ಎದ್ದು ಕೈ ಒರೆಸಿಕೊಂಡ.

"ನೋವಾಯ್ತು ಕಣ್ರೀ. ಇಲ್ಲ ಅಂದ್ರೆ ಸುಳ್ಳಾಯ್ತದೆ."

"ಗೊತ್ತು."

ಅವಳಿಗೆ ಒಂದು ವಿಷಯ ಮಾತ್ರ ಬೆಳಗಿನಿಂದ ಕೊರೆಯುತ್ತಿತ್ತು. "ನನ್ನ ಹಾಳೆಗಳು ನಿಮ್ಮ ಹತ್ತಿರ ಹೇಗೆ ಉಳಿದವು? ಟೈಪ್ ಮಾಡಿದ ಮೇಲೆ ಯಾರೂ ಇಟ್ಟುಕೊಳ್ಳಲ್ಲವಲ್ಲ."

ಪ್ರಭುಸ್ವಾಮಿ ಕಿಟಕಿಯ ಕಡೆ ನೋಡಿದ. ಕಿವಿ ಕೆಂಪಗಾಗಿತ್ತು.

"ನಿಮ್ಮ ಅಕ್ಷರ ಅಲ್ವಾ... ಬಿಸಾಕಕ್ಕೆ ಮನ್ಸು ಬರ್ನಿಲ್ಲ."

ಉಷಾರಾಣಿ ಬೆಚ್ಚಿದಳು. ಅಕ್ಟೋಬರಿನಿಂದ ಜನವರಿವರೆಗೆ, ಅವಳು ಬೈದ ದಿನವೂ, ಆಮೇಲಿನ ದಿನಗಳಲ್ಲೂ, ಆ ಎರಡು ಹಾಳೆ ಅವನ ಹತ್ತಿರವೇ ಇದ್ದವು. ಅವಳ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲಿಲ್ಲ.

"ಹುಣಸೂರಿಗೆ ಬಂದುಬಿಡಿ," ಎಂದಳು. "ಅಲ್ಲಿ ನನ್ನ ಜೊತೆ ವಾದ ಮಾಡೋಕೆ ಯಾರೂ ಇಲ್ಲ. ನೀವಿಲ್ಲದೆ... ನನಗೆ ಆಗ್ತಾ ಇಲ್ಲ."

ಈ ಸಲ ಬೆಚ್ಚಿದವನು ಅವನು.

"ನಿಜ ಹೇಳ್ತಿದ್ದೀರಾ?"

"ಒಂದಕ್ಷರಾನೂ ಬದಲಿಸಿಲ್ಲ."

ಅವನು ಮೆಲ್ಲಗೆ ನಕ್ಕ. ಅವಳ ಕೈ ಹಿಡಿಯಲು ಹೋದವನು, ತನ್ನ ಕೈ ಧೂಳಾಗಿದೆಯೆಂದು ಹಿಂದೆ ಎಳೆದುಕೊಂಡ. ಅವಳೇ ಮುಂದೆ ಬಂದು ಆ ಧೂಳಿನ ಕೈಯನ್ನು ಹಿಡಿದುಕೊಂಡಳು.

"ನಿಮ್ಮವ್ವಾರಿಗೆ ನನ್ ಮೇಲೆ ಕೋಪ ಇರ್ಬೇಕು," ಎಂದ.

"ತುಂಬಾ ಇದೆ. ಮಗಳನ್ನು ಅಳಿಸಿದೋನು ಅಂತ."

"ಬಂದು ಮಾತಾಡ್ತೀನಿ. ಭಾನುವಾರ ಬರ್ಲಾ?"

ಉಷಾರಾಣಿ ಬೇಡವೆಂದು ತಲೆಯಾಡಿಸಿದಳು. ಕಣ್ಣೀರಿನ ನಡುವೆಯೇ ನಗು ಬಂತು.

"ಭಾನುವಾರದ ತನಕ ನಾನು ಕಾಯಲಾರೆ. ಈಗಲೇ ಬನ್ನಿ."